ಸ್ಟೇರಿಂಗಿಗೆ ಹತ್ತಿದ ನಡುಕ

ವಿಜಯಶ್ರೀಯ ಮದುವೆ ಗೊತ್ತಾದ ಸಂಜೆ ದುಂಡೇಶ ಅಳಲಿಲ್ಲ. ಅಳಬೇಕು ಅಂತ ತಯಾರಾಗುವಷ್ಟರಲ್ಲಿ ಅದಕ್ಕಿಂತ ದೊಡ್ಡ ಅವಮಾನವೊಂದು ಅವರ ಮನೆಯ ಕಟ್ಟೆಗೇ ಬಂದು ಕೂತು ಚಹಾ ಕುಡಿಯುತ್ತಿತ್ತು. ಬಂದವನು ಪಕ್ಕದ ಮನೆಯ ಪರಸಪ್ಪ, ವಿಜಯಶ್ರೀಯ ಅಪ್ಪ.

"ನಾಲತವಾಡದ ಬೀಗರು ಭಾಳ ಹೌಸಿ ಮಂದಿ, ಶ್ರೀಶೈಲಪ್ಪ. ಅಳಿಯಾನ್ನ ನಿಮ್ಮ ಎತ್ತರ ಜೀಪಿನ್ಯಾಗ ಕರ್ಕೊಂಡು ಬರಬೇಕಂತ ನಮ್ಮ ಮನ್ಯಾಗ ಎಲ್ಲಾರ್ದೂ ಆಸೆ."

"ಅದ್ರಾಗ ಕೇಳೂದೇನೈತಿ?" ಎಂದ ದುಂಡೇಶನ ಅಪ್ಪ. "ವಿಜ್ಜಿ ನಮಗೂ ಮಗಳಿದ್ದಂಗ. ಗಾಡಿ ನಿಮ್ಮದ ಅಂತ ತಿಳ್ಕೊ."

ಒಂದೇ ಉಸಿರಿನಲ್ಲಿ ಅಪ್ಪ ಅವಳನ್ನು ಇವನ ತಂಗಿಯನ್ನಾಗಿ ಮಾಡಿ, ಮೇಲೆ ಜೀಪನ್ನೂ ಕೊಟ್ಟುಬಿಟ್ಟಿದ್ದ.

ಜೀಪು ಅಪ್ಪನದು. ಎತ್ತರ ಮಾತ್ರ ದುಂಡೇಶನದು. ವಿಜಯಪುರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುವ, ಅಂದರೆ ಪಾಸಾಗುವುದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡುವ ದುಂಡೇಶ, ಅಪ್ಪನನ್ನು ಕಾಡಿಬೇಡಿ ಅದನ್ನು ಸೊಲ್ಲಾಪುರಕ್ಕೆ ಒಯ್ದು, ಉದ್ದನೆಯ ಸ್ಪ್ರಿಂಗು, ಎಮ್ಮೆಯಂಥ ಟೈರು ಹಾಕಿಸಿ ಗೇಣುದ್ದ ಎತ್ತರಿಸಿ ತಂದಿದ್ದ. ಕಬ್ಬಿನ ಗದ್ದೆಯ ಕೆಸರಿನಲ್ಲಿ ಹೊಟ್ಟೆ ತಾಗುವುದಿಲ್ಲ ಅಂತ ಅಪ್ಪನಿಗೆ ಹೇಳಿದ್ದ. ಗುಡ್ಡ ಹತ್ತಿಸುತ್ತೇನೆ ಅಂತ ಗೆಳೆಯರಿಗೆ ಹೇಳಿದ್ದ. ನಿಜ ಸಂಗತಿ ಏನೆಂದರೆ, ಈಗ ಡ್ರೈವರ್ ಸೀಟಿನಲ್ಲಿ ಕೂತರೆ ಪರಸಪ್ಪನ ಕಂಪೌಂಡಿನಾಚೆ ಅಂಗಳದಲ್ಲಿ ಹರವಿದ ಶಾವಿಗೆ ಕಾಣುತ್ತಿತ್ತು. ಪುಣ್ಯವಿದ್ದ ದಿನ ಶಾವಿಗೆ ಹರವುವವಳೂ ಕಾಣುತ್ತಿದ್ದಳು. ತಮ್ಮೂರು ಯಂಕಂಚಿಯಲ್ಲಿ ಪ್ರೀತಿಗಾಗಿ ಸ್ಪ್ರಿಂಗು ಬದಲಿಸಿದ ಮೊದಲಿಗ ತಾನೇ ಇರಬೇಕು ಎಂದು ಅವನಿಗೆ ಹೆಮ್ಮೆಯಿತ್ತು.

ಇಷ್ಟೆಲ್ಲ ಎತ್ತರ ಏರಿದ ಮೇಲೂ ಅವಳಿಗೆ ಅವನು ಏನೂ ಹೇಳಿರಲಿಲ್ಲ. ಅವಳೇ ಒಮ್ಮೆ ಗೇಟಿನಲ್ಲಿ ನಿಂತು, "ಚಂದ ಐತಿ ನಿನ್ನ ಗಾಡಿ. ಹತ್ತಾಕ ಏಣಿ ಎಲ್ಲಿಟ್ಟಿ?" ಎಂದಿದ್ದಳು. ಅವತ್ತಿನಿಂದ ಡ್ರೈವರ್ ಪಕ್ಕದ ಸೀಟಿನ ಮೇಲೆ ತೊಳೆದ ಟವೆಲ್ ಹಾಸಿ, ಯಾರನ್ನೂ ಕೂರಗೊಡದೆ ಕಾಯ್ದಿಟ್ಟಿದ್ದ.

ಈಗ ಆ ಟವೆಲಿನ ಮೇಲೆ ಮದುಮಗ ಅನೀಲಕುಮಾರ ಕೂರುತ್ತಾನೆ. ಕರೆಂಟ್ ಆಫೀಸಿನ ಇಂಜಿನಿಯರ್. ಕಣ್ಣು ಮುಚ್ಚಿದರೆ ಸಾಕು, ದುಂಡೇಶನಿಗೆ ಎಲ್ಲ ಕಾಣುತ್ತಿತ್ತು: ನಾಲತವಾಡದಿಂದ ತಾಳಿಕೋಟಿ ರಸ್ತೆ, ಗಾಳಿಗೆ ಹಾರುವ ಪೇಟದ ಚುಂಗು, ಕಪ್ಪು ಕನ್ನಡಕ, ಬಾಗಿಲಿನ ಮೇಲೆ ಇಟ್ಟ ಮೊಣಕೈ.

ಗಾಡಿ ಹೊಡೆಯುವುದು ಅಯೂಬ ಅಂತ ಅಪ್ಪ ಹೇಳಿಯಾಗಿತ್ತು. ಊರಿನಲ್ಲಿ ಯಾರ ಮನೆಯ ಗಾಡಿಯಾದರೂ ಶುಭಕಾರ್ಯಕ್ಕೆ ಹೊರಟರೆ ಅಯೂಬನೇ ಡ್ರೈವರು. ಹಾಗಾಗಿ ದುಂಡೇಶ ಪರೀಕ್ಷೆಯ ನೆವ ಹೇಳಿ, ವಿಜಯಪುರದ ರೂಮಿನಲ್ಲಿ ಬಾಗಿಲು ಹಾಕಿಕೊಂಡು, ಮದುವೆ ಮುಗಿಯುವವರೆಗೆ ಮಲಗಬಹುದಿತ್ತು. ಬುದ್ಧಿವಂತರು ಹಾಗೆ ಮಾಡುತ್ತಾರೆ. ಆದರೆ ದುಂಡೇಶ ಬುದ್ಧಿವಂತನಷ್ಟೇ ಅಲ್ಲ, ಇಂಜಿನಿಯರೂ ಆಗುವವನಿದ್ದ. ಜೀಪೇ ಹೋಗಬಾರದು ಅಂತ ತೀರ್ಮಾನಿಸಿದ. ಒಂದು ಪರಿಪೂರ್ಣ ಅಪರಾಧ ಮಾಡಬೇಕಿತ್ತು.

ಟೈರಿನ ಗಾಳಿ ತೆಗೆದರೆ ಹಾಕಿಸುತ್ತಾರೆ. ಬ್ಯಾಟರಿ ಬಿಚ್ಚಿದರೆ ದಬ್ಬುತ್ತಾರೆ. ಡೀಸೆಲ್‌ಗೆ ಏನಾದರೂ ಬೆರೆಸಿದರೆ ಇಂಜಿನ್ ಹೋಗುತ್ತದೆ, ಅದರ ಹಿಂದೆಯೇ ಅಪ್ಪ ಇವನನ್ನೂ ಹೊಲಕ್ಕೆ ಕಳಿಸುತ್ತಾನೆ. ಜೀಪು ಚೆನ್ನಾಗಿಯೇ ಇರಬೇಕು, ಹತ್ತಿದವರಿಗೆ ಮಾತ್ರ ಜೀವಭಯ ಹುಟ್ಟಬೇಕು. ಯಾರಿಗೂ ಪೆಟ್ಟಾಗಬಾರದು. ಯಾರಿಗೂ ಕಾರಣ ತಿಳಿಯಬಾರದು.

ಉತ್ತರ ಅವನ ಫೋನಿನಲ್ಲೇ ಇತ್ತು. ಎತ್ತರಿಸಿದ ಜೀಪುಗಳಿಗೆ ಒಂದು ಹಾಳು ರೋಗ ಬರುತ್ತದೆ. ಜೋರಾಗಿ ಹೋಗುವಾಗ ಮುಂದಿನ ಗಾಲಿ ಒಂದು ಸಣ್ಣ ಗುಂಡಿಗೆ ಬಿದ್ದರೆ ಸಾಕು, ಗಾಲಿಗಳು ಎಡಕ್ಕೂ ಬಲಕ್ಕೂ ಒದ್ದಾಡುತ್ತವೆ, ಸ್ಟೇರಿಂಗು ಕೈಯಲ್ಲಿ ನಿಲ್ಲುವುದಿಲ್ಲ, ವೇಗ ಇಳಿಯುವವರೆಗೆ ನಡುಕ ಬಿಡುವುದಿಲ್ಲ. ಇದನ್ನು ಪತ್ತೆ ಹಚ್ಚುವುದು ಹೇಗೆ ಅಂತ ದೇಶವಿದೇಶದ ಮಂದಿ ವಿಡಿಯೋ ಮಾಡಿ ಹಾಕಿದ್ದರು. ಮೊದಲು ಟೈರು ನೋಡಿ, ಆಮೇಲೆ ಅಲೈನ್‌ಮೆಂಟು, ಆಮೇಲೆ ರಾಡಿನ ಕೀಲುಗಳು, ಎಲ್ಲಕ್ಕೂ ಕೊನೆಗೆ ಟ್ರ್ಯಾಕ್ ಬಾರು. ಟ್ರ್ಯಾಕ್ ಬಾರು ಎಂದರೆ ಮುಂದಿನ ಆ್ಯಕ್ಸಲ್ ಅತ್ತಿತ್ತ ಸರಿಯದಂತೆ ಹಿಡಿದಿಡುವ ಒಂದು ಅಡ್ಡ ರಾಡು. ದುಂಡೇಶ ಎಲ್ಲ ವಿಡಿಯೋಗಳನ್ನೂ ನೋಡಿ ಒಂದು ದೊಡ್ಡ ಸತ್ಯ ಕಂಡುಕೊಂಡ: ಪತ್ತೆ ಹಚ್ಚುವ ದಾರಿಯನ್ನು ಹಿಂದಿನಿಂದ ಓದಿದರೆ ಅದೇ ಬಚ್ಚಿಡುವ ದಾರಿ. ಕಾಲೇಜಿನಲ್ಲಿ ಇಷ್ಟು ಓದಿದ್ದರೆ ಮೊದಲ ಸೆಮಿಸ್ಟರಿನ ವಿಷಯಗಳು ಇನ್ನೂ ಉಳಿದಿರುತ್ತಿರಲಿಲ್ಲ.

ಮಧ್ಯಾಹ್ನ ರೊಟ್ಟಿ ಉಂಡು ಮನೆಯೆಲ್ಲ ಮಲಗಿದ ಮೇಲೆ ಅವನು ನಟ್ಟು ಬಿಚ್ಚುವ ಪಾನಾ ಹಿಡಿದು ಜೀಪಿನ ಕೆಳಗೆ ಜಾರಿದ. ಟ್ರ್ಯಾಕ್ ಬಾರಿನ ಒಂದು ತುದಿಯ ಬೋಲ್ಟನ್ನು ಸಡಿಲಿಸಿದ. ಬಿಚ್ಚಲಿಲ್ಲ, ಬಿದ್ದುಹೋಗದಂತೆ ನೋಡಿಕೊಂಡ, ಅವನೇನು ಕೊಲೆಗಾರನಲ್ಲ. ರಾಡು ತನ್ನ ಜಾಗದಲ್ಲಿ ಕೂದಲೆಳೆಯಷ್ಟು ಆಡಿದರೆ ಸಾಕಿತ್ತು. ಪಾನಾ ಹಾಕಿದ ಹೊಳಪು ಕಾಣದಂತೆ ಹೊಲದ ಎರೆಮಣ್ಣನ್ನು ಗ್ರೀಸಿನಲ್ಲಿ ಕಲಸಿ ನಟ್ಟಿಗೆ ಮೆತ್ತಿದ. ಎದ್ದು ಬಂದು, ಫೋನಿನಲ್ಲಿ ನೋಡಿದ್ದನ್ನೆಲ್ಲ ಅಳಿಸಿದ. ಪೊಲೀಸರು ಬರುವ ಸಂಭವವಿಲ್ಲದಿದ್ದರೂ ಅಳಿಸಿದ. ದೊಡ್ಡ ಅಪರಾಧಿಗಳು ಸಣ್ಣ ವಿಷಯದಲ್ಲೇ ಸಿಕ್ಕಿಬೀಳುತ್ತಾರೆ ಅಂತ ಅವನಿಗೆ ಗೊತ್ತಿತ್ತು.

ಮರುದಿನ ಅಪ್ಪ ಮದುವೆಗೆ ಉಡುಗೊರೆ ಕೊಡುವ ಆಹೇರಿ ಬಟ್ಟೆ ತರಲು ಸಿಂದಗಿಗೆ ಹೊರಟ. ಅಯೂಬ ಗಾಡಿ ಹೊಡೆಯುತ್ತಿದ್ದ. ದುಂಡೇಶ ಹಿಂದಿನ ಸೀಟಿನಲ್ಲಿ, ಪುಸ್ತಕ ಹಿಡಿದ ಮುಗ್ಧ ವಿದ್ಯಾರ್ಥಿಯಾಗಿ ಕೂತ. ಊರಿನ ರಸ್ತೆ ಮುಗಿಯುವವರೆಗೂ ಏನೂ ಆಗಲಿಲ್ಲ. ಸಡಿಲಿಸಿದ್ದು ಸಾಲದೇ ಹೋಯಿತೇ ಅಂದುಕೊಂಡು ಪುಟ ತಿರುವಿದ. ದೊಡ್ಡ ರಸ್ತೆ ಸೇರಿ ಅಯೂಬ ವೇಗ ಏರಿಸಿದ. ಮುಳ್ಳು ಅರವತ್ತು ದಾಟಿತು. ರಸ್ತೆಗೆ ತೇಪೆ ಹಾಕಿದ ಕಡೆ ಗಾಲಿ ದಡಕ್ಕೆಂದಿತು.

ಸ್ಟೇರಿಂಗು ಜೋಳ ಕೇರುವ ಮೊರದಂತೆ ಒದ್ದಾಡಿತು. ಡ್ಯಾಶ್‌ಬೋರ್ಡಿನ ಮೇಲಿದ್ದ ಎಲೆ ಅಡಿಕೆ ಚೀಲ ಅಪ್ಪನ ಮಡಿಲಿಗೆ ಹಾರಿತು.

"ಯಾ ಅಲ್ಲಾ! ಹಿಡೀವಲ್ದು ಸಾವ್ಕಾರ್ರ, ಕೈಗೆ ಹಿಡೀವಲ್ದು!"

"ನಿಲ್ಲಸೋ! ನಿಲ್ಲಸೋ ಮಾರಾಯಾ! ಮನ್ಯಾಗ ಹೆಂಡ್ರು ಮಕ್ಕಳದಾರ!"

ಗಾಡಿ ರಸ್ತೆಯ ಬದಿಗೆ ಬಂದು ನಿಂತಿತು. ಅಯೂಬ ಇಳಿದು ಬೇವಿನ ಮರಕ್ಕೆ ಒರಗಿ ನಿಂತ. ಅಪ್ಪ ಇಳಿಯಲೂ ಇಲ್ಲ. ದುಂಡೇಶ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕ. ಪುಸ್ತಕ ತಲೆಕೆಳಗಾಗಿತ್ತು, ಆದರೆ ನೋಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಸಿಂದಗಿಯ ಅಶ್ಫಾಕನ ಗ್ಯಾರೇಜಿನಲ್ಲಿ ಎಲ್ಲವೂ ವಿಡಿಯೋದಲ್ಲಿದ್ದ ಕ್ರಮದಲ್ಲೇ ನಡೆಯಿತು. ಅಶ್ಫಾಕ ಟೈರುಗಳನ್ನು ಬ್ಯಾಲೆನ್ಸ್ ಮಾಡಿಸಿದ. ನಡುಗಿತು. ಅಲೈನ್‌ಮೆಂಟ್ ಮಾಡಿಸಿದ. ನಡುಗಿತು. ಸ್ಟೇರಿಂಗಿನ ಅದುರು ತಡೆಯುವ ಡ್ಯಾಂಪರು ಹೊಸದು ಹಾಕಿದ. ಅವತ್ತು ನಡುಗಲಿಲ್ಲ, ದುಂಡೇಶ ರಾತ್ರಿ ಊಟ ಬಿಟ್ಟ. ಮರುದಿನ ಮತ್ತೆ ನಡುಗಿತು. ಎರಡು ರೊಟ್ಟಿ ಹೆಚ್ಚು ತಿಂದ. ಜ್ವರಕ್ಕೆ ಕಂಬಳಿ ಹೊದಿಸಿದಂತೆ ಡ್ಯಾಂಪರು ನಡುಕ ಮುಚ್ಚಿತ್ತೇ ಹೊರತು ರೋಗ ಹೋಗಿರಲಿಲ್ಲ. ಅಶ್ಫಾಕ ಪ್ರತಿ ಸಲವೂ ಜೀಪನ್ನು ಜಾಕಿನ ಮೇಲೆ ಎತ್ತಿ, ಗಾಲಿ ಅಲುಗಾಡಿಸಿ ನೋಡುತ್ತಿದ್ದ. ಗಾಲಿ ನೆಲದ ಮೇಲಿರುವಾಗ ಒಬ್ಬರು ಸ್ಟೇರಿಂಗು ತಿರುವಿ ಇನ್ನೊಬ್ಬರು ಕೆಳಗೆ ನೋಡಿದರೆ ಮಾತ್ರ ಟ್ರ್ಯಾಕ್ ಬಾರಿನ ಸಡಿಲು ಕಾಣುತ್ತದೆ. ಹಾಗೆ ನೋಡಬೇಕೆಂದು ಅಲ್ಲಿ ಗೊತ್ತಿದ್ದವನು ಒಬ್ಬನೇ. ಅವನು ಬೆಂಚಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದ.

"ಮುಟ್ಟದ ಜಾಗ ಒಂದೂ ಉಳಿದಿಲ್ರಿ ಸಾವ್ಕಾರ್ರ," ಎಂದ ಅಶ್ಫಾಕ, ಕೈಗೆ ಹತ್ತಿದ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ. "ಸುಮ್ನ ಇದ್ದ ಗಾಡಿ ಆಕಾಶಕ್ಕ ಎತ್ತಿದವ್ರನ್ನ ಕೇಳ್ರಿ."

ಎಲ್ಲರ ಕಣ್ಣೂ ದುಂಡೇಶನ ಮೇಲೆ ಬಿದ್ದವು. ಇಲ್ಲಿ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಜೀವನದಲ್ಲಿ ಮೊದಲ ಸಲ ಅವನನ್ನು ನಾಲ್ಕು ಮಂದಿ ಗಾಡಿಯ ವಿಷಯ ಕೇಳುತ್ತಿದ್ದರು. ಶೇಂಗಾ ಸಿಪ್ಪೆ ಝಾಡಿಸಿ ಎದ್ದುನಿಂತ.

"ಸೈಕಲ್ಲಿನ ಮುಂದಿನ ಗಾಲಿ ನೋಡೀರಿಲ್ಲೋ? ಅದ್ರ ಡಂಡಿ ಸ್ವಲ್ಪ ಓರೆ ಇರ್ತೈತಿ. ಅದಕ್ಕ ಕೈ ಬಿಟ್ರೂ ನೆಟ್ಟಗ ಹೋಗ್ತೈತಿ. ಗಾಡಿ ಎತ್ತರ ಆದ್ರ ಆ ಓರೆ ಕಮ್ಮಿ ಆಗ್ತೈತಿ. ಅದಕ್ಕ ಇದು ಅರವತ್ತರ ಒಳಗ ಬೆಣ್ಣಿ, ಅರವತ್ತು ದಾಟಿದ್ರ ದೆವ್ವ."

"ಕಲ್ತಾನ ಬಿಡು ಹುಡುಗ," ಎಂದ ಅಪ್ಪ, ಮೊದಲ ಸಲ.

ಆ ಒಂದು ಮಾತಿಗೆ ದುಂಡೇಶನ ತಲೆ ತಿರುಗಿತು. ವಾಪಸು ಬರುವಾಗ ಅಯೂಬ ಸ್ಟೇರಿಂಗು ಮುಟ್ಟಲು ಒಪ್ಪಲಿಲ್ಲ. "ಕೈ ಮುಗೀತೇನ್ರಿ, ಈ ಗಾಡಿ ಇನ್ನ ನಾ ಹೊಡ್ಯಾಂಗಿಲ್ಲ." ದುಂಡೇಶ ತಾನೇ ಕೂತ. ಬೇಕೆಂದೇ ಅರವತ್ತು ದಾಟಿಸಿದ. ನಡುಕ ಬಂತು. ಬ್ರೇಕು ಮುಟ್ಟದೆ, ಸ್ಟೇರಿಂಗು ಬಿಗಿಹಿಡಿದು, ಎಕ್ಸಿಲೇಟರಿನಿಂದ ಕಾಲು ತೆಗೆದ. ದೆವ್ವ ಇಳಿಯಿತು. ಅಪ್ಪ ಮಗನನ್ನು ಹೊಸಬನನ್ನು ನೋಡುವಂತೆ ನೋಡಿದ. ಆ ಜೀಪನ್ನು ಹಿಡಿಯಬಲ್ಲವನು ಇಡೀ ತಾಲೂಕಿನಲ್ಲಿ ದುಂಡೇಶ ಒಬ್ಬನೇ ಎಂಬ ಸುದ್ದಿ ಜೀಪಿಗಿಂತ ಮೊದಲು ಯಂಕಂಚಿ ಮುಟ್ಟಿತ್ತು.

ಗೇಟಿನಲ್ಲಿ ವಿಜಯಶ್ರೀ ಅರಿಸಿನ ಹಚ್ಚಿದ ಕೈಯಲ್ಲಿ ಫೋನು ಹಿಡಿದು ನಿಂತಿದ್ದಳು. "ಏ ದುಂಡ್ಯಾ, ಗಾಡಿಗೆ ಚಳಿಜ್ವರ ಬಂದೈತಂತ? ಸೂಜಿ ಮಾಡ್ಸಿದಿ ಇಲ್ಲೋ?"

"ಆರಾಮಾಗೂದು ಕಷ್ಟ ಐತಿ," ಎಂದ ಅವನು ಗಂಭೀರವಾಗಿ. ಯಾರ ವಿಷಯ ಹೇಳುತ್ತಿದ್ದಾನೆಂದು ಅವಳಿಗೆ ತಿಳಿಯಲಿಲ್ಲ. ತಿಳಿಯದಿರಲಿ ಅಂತಲೇ ಹೇಳಿದ್ದು.

ಮದುವೆಯ ಹಿಂದಿನ ದಿನದವರೆಗೂ ಅಪ್ಪ ಆಸೆ ಬಿಡಲಿಲ್ಲ. ದುಂಡೇಶನ ಲೆಕ್ಕವೂ ಅದೇ ಇತ್ತು: ಕೊನೆಯ ಗಳಿಗೆಯಲ್ಲಿ ಕೈಬಿಟ್ಟರೆ ರಿಪೇರಿಗೆ ಸಮಯವಿರುವುದಿಲ್ಲ, ಪರಸಪ್ಪ ಬೇರೆ ಗಾಡಿ ಹುಡುಕಿಕೊಳ್ಳುತ್ತಾನೆ. ವಿಜಯಪುರಕ್ಕೆ ಹೋಗುವ ಚೀಲ ಕಟ್ಟಿಟ್ಟಿದ್ದ. ಸಂಜೆ ಅಪ್ಪ ಪರಸಪ್ಪನ ಮನೆಗೆ ಹೊರಟಾಗ ತಾನೂ ಹಿಂದೆ ಹೋದ. ಫೋನಿನ ಕ್ಯಾಮೆರಾದಲ್ಲಿ ನೋಡಿ ನೋಡಿ ತಿದ್ದಿದ ದುಃಖದ ಮುಖವನ್ನು ಜೊತೆಗೆ ಒಯ್ದ.

ಹಂದರದಲ್ಲಿ ಹೆಣ್ಣುಮಕ್ಕಳು ಹೂ ಕಟ್ಟುತ್ತಿದ್ದರು. ವಿಜಯಶ್ರೀಯ ಅಜ್ಜಿ ಲಕ್ಕವ್ವ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಬೈಯುತ್ತಿದ್ದಳು.

"ಪರಸಪ್ಪ, ನನ್ನ ಮಾತು ಉಳೀಲಿಲ್ಲಪಾ," ಅಂದ ಅಪ್ಪ. ದನಿ ನಿಜವಾಗಿಯೂ ಒಡೆದಿತ್ತು. ಅದನ್ನು ಕೇಳಿ ದುಂಡೇಶನಿಗೆ ಒಳಗೆ ಎಲ್ಲೋ ಚುಚ್ಚಿತು, ಆದರೆ ತಡೆದುಕೊಂಡ. "ಅಯೂಬ ಅಂಜಿ ನಾಳಿಗೆ ಬಸವನ ಬಾಗೇವಾಡಿ ಬಾಡಿಗಿ ಹಿಡದು ಹೋಗ್ಯಾನ. ಗಾಡಿ ಈ ಹುಡುಗನ್ನ ಬಿಟ್ಟು ಯಾರ ಕೈಗೂ ಸಿಗವಲ್ದು."

"ಎಷ್ಟಕ್ಕ ನಡಗತೈತಿ ಅದು?" ಅಂತ ಕೇಳಿದ ಪರಸಪ್ಪ.

"ಅರವತ್ತು ದಾಟಿದ್ರ ಕಾಕಾ," ಎಂದ ದುಂಡೇಶ, ಉತ್ತರ ಗೊತ್ತಿದ್ದ ವಿದ್ಯಾರ್ಥಿಯ ಉತ್ಸಾಹದಲ್ಲಿ. "ಒಳಗಿದ್ರ ಬೆಣ್ಣಿ ಹಂಗ ಹೋಗ್ತೈತಿ. ದಾಟಿದ್ರ ನಾನೂ ಭರೋಸಾ ಕೊಡಾಕ ಆಗೂದಿಲ್ರಿ. ಮದುಮಗ ಕೂತಾನ ಅಂದ ಮ್ಯಾಲ..."

ಲಕ್ಕವ್ವ ಕುರ್ಚಿಯಿಂದ ಬೀಳುವಷ್ಟು ನಕ್ಕಳು. "ಎಲಾ ಹುಚ್ಚ ಖೋಡಿ! ನಾಲತವಾಡದವ್ರು ಬಸ್ಸು ಮಾಡ್ಕೊಂಡು ಬರ್ತಾರೋ. ಅಳಿಯಾನ್ನ ಎದರಗೊಂಡು ಗಾಡಿ ಹತ್ಸೂದು ನಮ್ಮೂರ ಅಗಸಿ ಬಾಗಲದಾಗಿನ ಹಣಮಪ್ಪನ ಗುಡಿ ಮುಂದ. ಅಲ್ಲಿಂದ ನಮ್ಮ ಬಾಗಲಾತನಕ ಬ್ಯಾಂಡಿನವ್ರು ಊದಕೋತ, ಹುಡುಗ್ರು ಕುಣಕೋತ, ನಾ ಕೋಲು ಊರಕೋತ ಬರ್ತೇವಿ. ಯಾರನ್ನ ಅರವತ್ತಕ್ಕ ಓಡಸಾಂವ ನೀ?" ಹಂದರವೆಲ್ಲ ನಕ್ಕಿತು. ಅಪ್ಪನ ಕಣ್ಣು ತುಂಬಿಬಂದವು, ಕೊಟ್ಟ ಮಾತು ಉಳಿದ ಖುಷಿಗೆ. "ಹಂಗಾರ ನೀನ ಹೊಡ್ಯೋ ಮಗನ," ಎಂದು ಅಲ್ಲೇ ಎಲ್ಲರ ಮುಂದೆ ಕೀಲಿಕೈ ಕೊಟ್ಟುಬಿಟ್ಟ. "ಸಾವಕಾಶ ಹೊಡಿ ತಮ್ಮಾ," ಎಂದ ಪರಸಪ್ಪ ಅವನ ಭುಜ ಹಿಡಿದು, "ಊರ ಮಂದಿಯೆಲ್ಲ ನಿನ್ನ ಬಾಜೂಕ ಕೂತ ಅಳಿಯಾನ್ನ ಕಣ್ತುಂಬ ನೋಡ್ಲಿ." ಬೋಲ್ಟು, ಎರೆಮಣ್ಣು, ಫೋನಿನ ಗುರುತು, ಅಶ್ಫಾಕನ ಜಾಕು, ಎಲ್ಲವನ್ನೂ ಲೆಕ್ಕ ಹಾಕಿದ್ದ ದುಂಡೇಶ ಕೀಲಿಕೈ ಹಿಡಿದು ನಿಂತ. ಬುದ್ಧಿ ಬಂದಾಗಿನಿಂದ ಊರಿನ ಪ್ರತಿ ಮದುವೆಯಲ್ಲೂ ಮೆರವಣಿಗೆಯ ಗಾಡಿಗೆ ಬೆನ್ನು ಮಾಡಿ, ಅದರ ಬಂಪರಿನಿಂದ ಮೊಳ ದೂರದಲ್ಲಿ ಬೆವರಿಳಿಯುವಂತೆ ಕುಣಿದಿದ್ದವನಿಗೆ, ಮದುಮಗನ ಗಾಡಿ ಮೊದಲ ಗೇರು ದಾಟುವುದಿಲ್ಲ ಎಂಬುದೊಂದೇ ಹೊಳೆದಿರಲಿಲ್ಲ.