ಚಿಪ್ಪಿನ ಬಾಯಲ್ಲಿದ್ದ ನಿದ್ದೆ

ಬಹಳ ಹಿಂದೆ, ನಡುಗಡಲಿನಲ್ಲಿ ಹವಳದ್ವೀಪ ಎಂಬ ರಾಜ್ಯವಿತ್ತು. ಅಲ್ಲಿ ಯಾರಿಗೂ ನಿದ್ದೆಯೇ ಇರಲಿಲ್ಲ. ರಾಜ ಸಿಂಹಾಸನದ ಮೇಲೆ ಕೂತು ಆಕಳಿಸುತ್ತಿದ್ದ, ಕೋಳಿಗಳು ಮಟಮಟ ಮಧ್ಯಾಹ್ನ ಕೂಗುತ್ತಿದ್ದವು, ಜಗಳ ತೆಗೆದವರಿಗೆ ಅದನ್ನು ಮುಗಿಸುವಷ್ಟು ತ್ರಾಣವಿರಲಿಲ್ಲ. ಎಲ್ಲಾ ಕೆಂಗಣ್ಣನೆಂಬ ಮಾಂತ್ರಿಕನ ಕಿತಾಪತಿ. ಹುಟ್ಟಿದಾಗಿನಿಂದ ತನಗೆ ನಿದ್ದೆ ಬಾರದ ಹೊಟ್ಟೆಕಿಚ್ಚಿಗೆ ಊರವರದ್ದನ್ನೆಲ್ಲ ಕದ್ದಿದ್ದ. “ಹವಳದ ದಿಬ್ಬದ ಮುದಿ ಚಿಪ್ಪಿನ ಬಾಯಲ್ಲಿ ಇಟ್ಟಿದ್ದೇನೆ. ತಾಕತ್ತಿದ್ದರೆ ತಗೊಳ್ಳಿ!” ಎಂದು ಗುಡ್ಡದ ಮೇಲೆ ನಿಂತು ಕೂಗಿಯೂ ಇದ್ದ.

ಮುತ್ತು ಹೆಕ್ಕಲು ಕಡಲಲ್ಲಿ ಮುಳುಗುವ ಮಾಚಿಯ ಹಸುಗೂಸು ಅತ್ತೂ ಅತ್ತೂ ದನಿ ಕಳೆದುಕೊಂಡಿತ್ತು. “ನಿದ್ದೆಯಿಲ್ಲದೆ ಇದು ಉಳಿಯೋಲ್ಲ ಕಣವ್ವ” ಎಂದ ವೈದ್ಯ. ಮಾಚಿಗೆ ಅಳುವುದಕ್ಕೂ ಸುಸ್ತು. ಕೂಸನ್ನು ಗಂಡನ ಕೈಗಿತ್ತು ದೋಣಿ ಹತ್ತಿದಳು.

ಆ ಚಿಪ್ಪು ಮರಿಯಾಗಿದ್ದಾಗ ಅಂಟಿಕೊಂಡ ಜಾಗದಲ್ಲೇ ಅಲುಗಾಡದೆ ಬೆಳೆದು ತೊಟ್ಟಿಲಿಗಿಂತ ದೊಡ್ಡದಾಗಿತ್ತು. ನೀಲಿ ತುಟಿಗಳನ್ನು ಬಿಸಿಲಿಗೆ ಒಡ್ಡಿ ಕೂತಿತ್ತು. ತುಟಿಯೊಳಗಿನ ಪಾಚಿ ಬಿಸಿಲಿನಿಂದಲೇ ಅಡುಗೆ ಮಾಡಿ ಅದಕ್ಕೆ ಉಣಿಸುತ್ತಿತ್ತು.

ದ್ವೀಪದವರು ಮುಳುಗುವುದು ಬಿಸಿಲಿಗೆ ಬೆನ್ನು ಹಾಕಿಯೇ. ಇಲ್ಲದಿದ್ದರೆ ಕಣ್ಣು ಕುಕ್ಕುತ್ತದೆ. ಮಾಚಿಯೂ ಹಾಗೇ ಹೋದಳು. ಅವಳಿಗಿಂತ ಮುಂಚೆ ಅವಳ ನೆರಳು ಹೋಗಿ ಚಿಪ್ಪಿನ ಮೇಲೆ ಬಿತ್ತು. ಧಡ್! ಚಿಪ್ಪು ಮುಚ್ಚಿತು.

ಎರಡನೇ ಸಲ ಚೂರಿ ಒಯ್ದಳು. ಮತ್ತೆ ನೆರಳು, ಮತ್ತೆ ಧಡ್! ಮೀಟಿದ ಚೂರಿ ತುಂಡಾಯಿತು.

ಮೂರನೇ ಸಲ ಈಜಲೂ ಕೈಲಾಗಲಿಲ್ಲ. ‘ಹೋಗಲಿ ಅತ್ಲಾಗೆ’ ಎಂದು ನೀರು ಒಯ್ದತ್ತ ಹೋದಳು. ನೀರು ಅವಳನ್ನು ದಿಬ್ಬದ ಆಚೆ ಬದಿಗೆ ತಂದಿತು. ಬಿಸಿಲು ಮುಖಕ್ಕೇ ಹೊಡೆಯಿತು. ನೆರಳು ಹಿಂದೆ ಬಿತ್ತು. ಚಿಪ್ಪು ತೆರೆದೇ ಇತ್ತು!

“ಅಬ್ಬಾ, ಈಗಲಾದರೂ ನನ್ನ ಊಟಕ್ಕೆ ಅಡ್ಡ ಬರಲಿಲ್ಲವಲ್ಲ!” ಎಂದಿತು ಚಿಪ್ಪು. “ಇದನ್ನು ಹೊತ್ತು ಹೊತ್ತು ಸಾಕಾಗಿದೆ. ತಗೊಂಡು ಹೋಗು ತಾಯಿ.”

ಒಳಗೆ ಹಿಡಿ ಅರಳೆಯಂಥದ್ದೇನೋ ಬೆಚ್ಚಗಿತ್ತು. ಕೈಗೆತ್ತಿಕೊಂಡದ್ದೇ ತಡ, ಮಾಚಿಯ ರೆಪ್ಪೆಗಳು ಕೂಡಿದವು. ‘ಒಂದು ಗಳಿಗೆ ಇಲ್ಲೇ ಒರಗುತ್ತೇನೆ’ ಎಂದುಕೊಂಡಳು ಪಾಪ, ಕಡಲ ತಳದಲ್ಲಿ! ತೂಕಡಿಸುತ್ತ ತೇಲಿ ಚಿಪ್ಪಿನ ನೆತ್ತಿಗೇ ಬಂದಳು. ಅವಳ ನೆರಳು ಬಿತ್ತು. ಹುಟ್ಟುಗುಣ ಬಿಟ್ಟೀತೇ? ಧಡ್! ಮುಚ್ಚಿದ ರಭಸಕ್ಕೆ ಚಿಪ್ಪಿನಿಂದ ನೀರು ಚಿಮ್ಮಿ ಮಾಚಿಯನ್ನು ದೋಣಿಯ ಪಕ್ಕಕ್ಕೇ ಎಸೆಯಿತು. ಹಿಡಿ ಬಿಚ್ಚಿತು, ಅರಳೆ ಗಾಳಿಗೆ ಹಾರಿ ದ್ವೀಪದ ತುಂಬ ಹರಡಿತು.

ರಾಜ ಕೂತಲ್ಲೇ ಉರುಳಿದ. ಗುಡ್ಡದ ಮೇಲೆ ಕೆಂಗಣ್ಣನೂ ಜನ್ಮದಲ್ಲೇ ಮೊದಲ ಬಾರಿ ಗೊರಕೆ ಹೊಡೆದ. ಎದ್ದಾಗ ಅವನಿಗೆ ಮಂತ್ರ ಒಂದೂ ನೆನಪಿರಲಿಲ್ಲ, ಅದರ ಚಿಂತೆಯೂ ಇರಲಿಲ್ಲ.

ಮಾಚಿ ಮಾತ್ರ ದೋಣಿ ಹತ್ತಿ, ನಿದ್ದೆ ಬಾರದಂತೆ ತುಟಿ ಕಚ್ಚಿಕೊಂಡು ಹುಟ್ಟು ಹಾಕಿದಳು. ಮನೆಯಲ್ಲಿ ಗಂಡ ಗೋಡೆಗೊರಗಿ ಮಲಗಿದ್ದ, ಕೂಸು ಅವನೆದೆಯ ಮೇಲೆ. ಮಾಚಿ ಕೂಸಿನ ಮೂಗಿಗೆ ಬೆರಳು ಹಿಡಿದಳು. ಬೆಚ್ಚನೆ ಉಸಿರು ತಾಗಿತು. ಒದ್ದೆ ಸೀರೆಯಲ್ಲೇ ಪಕ್ಕದಲ್ಲಿ ಬಿದ್ದುಕೊಂಡಳು.

ಆ ದಿನ ರಾಜ್ಯದಲ್ಲಿ ಒಂದು ಒಲೆಯೂ ಉರಿಯಲಿಲ್ಲ. ಎಲ್ಲರೂ ಸುಖವಾಗಿ ಮಲಗಿದರು. ಎದ್ದ ಮೇಲೆ ಸುಖವಾಗಿ ಬಾಳಿದರು.