ವಾರಂಟಿ ಇಲ್ಲದ ಚಿಂತೆ

ರಿಪೇರಿ ಅಂಗಡಿಯ ಕೌಂಟರಿನಲ್ಲಿ ಕೂತು ದಿನವಿಡೀ ಅವಳು ಹೇಳುವ ಮಾತು ಒಂದೇ: "ವಾರಂಟಿ ಇಲ್ಲ, ನಮ್ಮ ಜವಾಬ್ದಾರಿ ಅಲ್ಲ." ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಯಾವುದಕ್ಕೂ ದಾಕ್ಷಿಣ್ಯವಿಲ್ಲ. ದಾಕ್ಷಿಣ್ಯವೆಲ್ಲ ಮಹಡಿಯ ಮೇಲೆ ಇಂಗ್ಲಿಷ್ ಕ್ಲಾಸ್ ನಡೆಸುವ ಮೇಷ್ಟ್ರಿಗೆ ಮೀಸಲು. ಮೆಟ್ಟಿಲ ಮೇಲೆ ಅವರ ಹೆಜ್ಜೆ ಸದ್ದಾದರೆ ಸಾಕು, ಕೈಯಲ್ಲಿದ್ದ ಸ್ಕ್ರೂ ಜಾರುತ್ತಿತ್ತು.

ಮೇಷ್ಟ್ರು ಜ್ವರ ಬಂದು ಮಲಗಿದಾಗ, ಅಳೆದೂ ಸುರಿದೂ ಒಂದು ಮೆಸೇಜ್ ಕಳಿಸಿದ್ದಳು: "ತುಂಬ ಚಿಂತೆ ಆಗ್ತಿದೆ." ಉತ್ತರ ಇಂಗ್ಲಿಷಿನಲ್ಲಿ ಬಂತು. ನಿಮ್ಮ ಚಿಂತೆ ಅನ್‌ವಾರಂಟೆಡ್.

ವಾರಂಟಿ ಇಲ್ಲದ್ದು ಎಂದರೇನು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೇಷ್ಟ್ರು ನಯವಾಗಿ ಬಾಗಿಲು ಹಾಕಿದ್ದರು. ಅವಳಿಗೆ ಊಟ ಸೇರಲಿಲ್ಲ. ಮದುವೆಗೆ ಒಂದು ಸಂಬಂಧ ಹಿಡಿದು ಬೆನ್ನು ಬಿದ್ದಿದ್ದ ಚಿಕ್ಕಮ್ಮನಿಗೆ ಮರುದಿನ ಬೆಳಿಗ್ಗೆ, "ಸಂಜೆ ಬಂದು ಹೇಳ್ತೀನಿ, ಒಪ್ಪಿದ ಹಾಗೇ ಅಂದ್ಕೊಳ್ಳಿ" ಎಂದುಬಿಟ್ಟಳು.

ಅಂದೇ ಮಧ್ಯಾಹ್ನ ಮೇಷ್ಟ್ರು ಇಳಿದು ಬಂದರು. ಮುಖ ಸೊರಗಿತ್ತು, ಕಣ್ಣಿನ ನಗು ಸೊರಗಿರಲಿಲ್ಲ. ಅವಳು ಮುಖ ಗಂಟು ಹಾಕಿಕೊಂಡು ಫ್ಯಾನಿನ ರೆಕ್ಕೆ ಒರೆಸತೊಡಗಿದಳು.

"ಹುಷಾರಾದೆ. ಹೇಗಿದ್ದೀರಿ ಅಂತ ಕೇಳಲ್ವಾ?"

"ನನ್ನ ಚಿಂತೆಗೆ ವಾರಂಟಿ ಇಲ್ಲ ಅಂತ ನೀವೇ ಬರೆದಿದ್ರಲ್ಲ."

ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು. ಅರ್ಥವಾದ ಮೇಲೆ ನಗು ತಡೆಯಲು ತುಟಿ ಕಚ್ಚಿದರು.

"ಅದಕ್ಕೂ ಮಿಕ್ಸಿಗೂ ಸಂಬಂಧ ಇಲ್ಲ ರೀ. ಅನ್‌ವಾರಂಟೆಡ್ ಅಂದ್ರೆ ಕಾರಣ ಇಲ್ಲದ್ದು. ಜ್ವರ ಇಳೀತಿದೆ, ಹೆದರೋಕೆ ಕಾರಣ ಇಲ್ಲ ಅಂದೆ."

"ಆ ಪದಾನ ಇನ್ನೆಲ್ಲಿ ಬಳಸ್ತಾರೆ?" ಅವಳ ದನಿ ಇನ್ನೂ ಬಿಗಿಯಾಗಿಯೇ ಇತ್ತು.

"ಸುಮ್‌ಸುಮ್ನೆ ಅನುಮಾನ ಪಟ್ರೆ. ಕೇಳದೇ ಬುದ್ಧಿ ಹೇಳಿದ್ರೆ. ತಪ್ಪು ಮಾಡದವನ ಮೇಲೆ ಯಾರಾದ್ರೂ ಮುನಿಸ್ಕೊಂಡ್ರೆ." ಕೊನೆಯದನ್ನು ಅವಳ ಮೂಗಿನ ತುದಿ ನೋಡುತ್ತ ಹೇಳಿದರು.

ಬೀದಿಯ ಬಿಸಿಲು ಫ್ಯಾನಿನ ರೆಕ್ಕೆಗೆ ತಾಗಿ ಗೋಡೆಯ ಮೇಲೆ ತೇಲುತ್ತಿತ್ತು. ಹೊರಗಿನ ಗದ್ದಲವೆಲ್ಲ ದೂರ ಸರಿದಂತಾಯಿತು. ಅವಳಿಗೆ ಭಯವೂ ಆಯಿತು, ಹಿತವೂ ಆಯಿತು.

"ನನ್ನ ಚಿಂತೆಗೆ ಕಾರಣ ಇತ್ತು ಮೇಷ್ಟ್ರೇ."

"ಏನು ಕಾರಣ?"

"ನೀವು."

"ಹಾಗಾದ್ರೆ ನಾನು ಬರೆದದ್ದೇ ತಪ್ಪು," ಎಂದರು ಮೇಷ್ಟ್ರು.

"ಸಂಜೆ ಚಿಕ್ಕಮ್ಮನಿಗೆ ಉತ್ತರ ಹೇಳ್ಬೇಕು. ಒಂದು ಸಂಬಂಧ ಬಂದಿದೆ."

ಅವರ ಕಣ್ಣಿನ ನಗು ಆರಿತು. "ಬೇಡ ಅನ್ನಿ."

"ಕಾರಣ ಕೇಳ್ತಾರೆ."

"ಕಾರಣ ನಿಮ್ಮ ಜೊತೇಲೇ ಬರುತ್ತೆ," ಎಂದ ಮೇಷ್ಟ್ರು ಸಂಜೆಯ ಕ್ಲಾಸಿಗೆ ರಜೆ ಹೇಳಲು ಮೆಟ್ಟಿಲು ಹತ್ತಿದರು.