ಮೊದಲು ಪೂರ್ವ, ಆಮೇಲೆ ಉತ್ತರ

ಭಾನುವಾರ ಸಂಜೆ ನಾಲ್ಕು ಗಂಟೆ. ಕೊರಿಯರ್ ವ್ಯಾನಿನ ಡ್ರೈವರ್ ಹಳೆಯ ಸೇತುವೆಯ ಮೇಲೆ ನಿಂತಿದ್ದ. ಐದೂವರೆಯವರೆಗೂ ನಿಂತ. ಅವಳು ಬರಲಿಲ್ಲ.

ಅವಳು ಟೈಲರ್. ವಯಸ್ಸು ಇಪ್ಪತ್ತೊಂಬತ್ತು, ಅವನಿಗೆ ಮೂವತ್ತೊಂದು. ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟ ದೊಡ್ಡವರಿಗೆಂದು ಶನಿವಾರ ಮಧ್ಯಾಹ್ನ ನಡೆಯುವ ತರಗತಿಯಲ್ಲಿ ಇಬ್ಬರೂ ಕೊನೆಯ ವರ್ಷದ ಭೂಗೋಳ ಓದುತ್ತಿದ್ದರು. ಇಬ್ಬರಿಗೂ ಒಂದೇ ಬೆಂಚು, ಒಂದೇ ನಕ್ಷೆ. ನಕ್ಷೆ ವಾರಕ್ಕೊಬ್ಬರ ಮನೆಗೆ ಹೋಗುತ್ತಿತ್ತು.

ಬೆಟ್ಟದ ಎತ್ತರ ತೋರಿಸುವ ಗೆರೆಯನ್ನು ಅವಳು ಒಂದೇ ಸಲಕ್ಕೆ ನುಣುಪಾಗಿ ಎಳೆಯುತ್ತಿದ್ದಳು. ಅವನ ಗೆರೆ ಸೊಟ್ಟಗಾಗುತ್ತಿತ್ತು, ಅವಳು ನೋಡುತ್ತಿದ್ದಾಗ ಮಾತ್ರ.

“ಇದು ಬೆಟ್ಟಾನಾ, ಕೋಳಿಮೊಟ್ಟೆನಾ?” ಎಂದು ಒಮ್ಮೆ ಕೇಳಿದ್ದಳು.

“ಬೆಟ್ಟಾನೇ. ಇನ್ನೂ ಮರಿ.”

ಅವಳು ನಕ್ಕದ್ದು ಕೆಳತುಟಿಯ ಎಡಮೂಲೆಯಿಂದ. ಅವನು ಅಂದು ಬೇರೇನನ್ನೂ ಕಲಿಯಲಿಲ್ಲ.

ಬಾಯಿಬಿಟ್ಟು ಹೇಳುವ ಧೈರ್ಯ ಸಾಲದೆ, ನಕ್ಷೆಯ ಚೌಕಗಳಲ್ಲಿ ಆರು ಅಂಕಿಗಳಿಂದ ಸ್ಥಳ ಗುರುತಿಸುವುದನ್ನು ಕಲಿತ ಶನಿವಾರದಂದೇ ಅವಳ ಪುಸ್ತಕದೊಳಗೆ ಒಂದು ಚೀಟಿ ಇಟ್ಟಿದ್ದ: ‘ನಾಳೆ ನಾಲ್ಕಕ್ಕೆ. 342318. ಒಂದು ಮಾತು ಕೇಳಬೇಕು.’ ನಕ್ಷೆ ಆ ವಾರ ಅವಳ ಮನೆಯಲ್ಲಿತ್ತು.

ಮುಂದಿನ ಶನಿವಾರ ಅವಳು ಮೊದಲ ಬೆಂಚಿನಲ್ಲಿ ಕುಳಿತಳು, ಒಬ್ಬಳೇ. ತರಗತಿ ಮುಗಿದಾಗ ಅವಳ ಮುಂದೆ ಒಂದು ಅರ್ಜಿ ಇತ್ತು. ಬುಧವಾರದ ಬ್ಯಾಚಿಗೆ ವರ್ಗಾಯಿಸಬೇಕೆಂಬ ಕೋರಿಕೆ. ಮೇಷ್ಟ್ರ ಸಹಿಯೊಂದೇ ಬಾಕಿ.

ಡ್ರೈವರ್ ಎದುರು ಬಂದು ನಿಂತ. “ಬರೋಕೆ ಇಷ್ಟ ಇಲ್ಲ ಅಂದಿದ್ರೆ ಸಾಕಿತ್ತು. ಬ್ಯಾಚ್ ಯಾಕೆ ಬಿಡ್ತೀರಿ?”

“ಬರೋಕೆ ಇಷ್ಟ ಇಲ್ವಾ?” ಅವಳ ದನಿ ಏರಿತು. “ಒಂದೂವರೆ ಗಂಟೆ ನಿಂತಿದ್ದೆ. ನಾನೇ ಹೊಲಿದ ಹೊಸ ಬಟ್ಟೆ ಹಾಕ್ಕೊಂಡು, ಕಸದ ರಾಶಿ ಮುಂದೆ!”

“ಕಸಾನಾ?”

“ಕಸ ವಿಂಗಡಿಸೋ ಯಾರ್ಡು. ವಾಚ್‌ಮನ್ ಬೇರೆ ಕೇಳ್ತಾನೆ, ‘ಒಣ ಕಸಾನಾ ತಾಯಿ, ಹಸಿ ಕಸಾನಾ?’ ಅಂತ. ತಮಾಷೆ ಮಾಡೋಕೆ ನಾನೇ ಸಿಕ್ಕಿದ್ನಾ?”

ಅವನು ಕೈಯಿಂದ ಬಾಯಿ ಮುಚ್ಚಿಕೊಂಡ.

“ನಗಬೇಡಿ.”

“ನಗ್ತಾ ಇಲ್ಲ,” ಎಂದ. ನಗುತ್ತಿದ್ದ. ಮೇಜಿನ ಮೇಲೆ ನಕ್ಷೆ ಬಿಡಿಸಿ ಬೆರಳಿಟ್ಟ. “ಸೇತುವೆ. ನಾನು ಇಲ್ಲಿದ್ದೆ.”

ಅವಳೂ ಬೆರಳಿಟ್ಟಳು. “ನಾನು ಇಲ್ಲಿ.” ಅಳತೆಯ ವಿಷಯ ಬಂದರೆ ಅವಳಿಗೆ ಸುಮ್ಮನಿರಲಾಗದು, ಸ್ಕೇಲ್ ಇಟ್ಟು ನೋಡಿದಳು. “ಆರು ಪಾಯಿಂಟ್ ಎಂಟು ಸೆಂಟಿಮೀಟರ್. ಅಂದ್ರೆ ಮೂರು ಕಿಲೋಮೀಟರ್ ನಾನೂರು ಮೀಟರ್.”

ಅವನ ವ್ಯಾನಿನ ಫೋನು ಪಾರ್ಸೆಲ್ ವಿಳಾಸಕ್ಕೆ ಉತ್ತರದ ಅಂಕಿಯನ್ನು ಮೊದಲು ತೋರಿಸುತ್ತದೆ, ಪೂರ್ವದ್ದನ್ನು ಆಮೇಲೆ. ಒಂಬತ್ತು ವರ್ಷದ ಅಭ್ಯಾಸ. ನಕ್ಷೆಯ ಚೌಕಗಳ ನಿಯಮ ಇದಕ್ಕೆ ತಿರುಗುಮುರುಗು. ಚೀಟಿಯಲ್ಲೂ ಅವನು ಉತ್ತರದ 342 ಮೊದಲು ಬರೆದಿದ್ದ, ಪೂರ್ವದ 318 ಆಮೇಲೆ.

ಕಿಟಕಿ ಮುಚ್ಚುತ್ತಿದ್ದ ಮೇಷ್ಟ್ರು, ಅವಳು ನಕ್ಷೆಯ ಪಕ್ಕ ತೆಗೆದಿಟ್ಟ ಚೀಟಿಯ ಮೇಲೆ ಕಣ್ಣಾಡಿಸಿದರು. “ಎಷ್ಟು ಸಲ ಬಡ್ಕೊಂಡಿದೀನಿ? ಮೊದಲು ಪೂರ್ವ, ಆಮೇಲೆ ಉತ್ತರ! ಅರ್ಜಿ ಕೊಡೋದಾದ್ರೆ ಕೊಡಮ್ಮ, ಬೀಗ ಹಾಕ್ಬೇಕು.”

ಅವಳು ಕೊಡಲಿಲ್ಲ. ಡ್ರೈವರನ ಕಡೆ ತಿರುಗಿದಳು. ಕೆಳತುಟಿಯ ಎಡಮೂಲೆ ಅಲುಗಿತು.

“ಅಂದ್ರೆ, ಉತ್ತರಾನ ಮೊದಲೇ ಬರೆದುಬಿಟ್ರಿ.”

“ಹೂಂ. ತಪ್ಪಾಯ್ತು.”

“ಪ್ರಶ್ನೆ ಕೇಳೋಕೂ ಮುಂಚೆ.”

ಅರ್ಥವಾಗಲು ಅವನಿಗೆ ಕೆಲವು ಕ್ಷಣ ಬೇಕಾಯಿತು. ಮೇಷ್ಟ್ರ ಬೀಗದ ಕೈ ಜಣಜಣ ಎನ್ನುತ್ತಿತ್ತು.

“ನನಗೆ ನೀವಂದ್ರೆ ತುಂಬಾ ಇಷ್ಟ,” ಎಂದ. “ಪಾಸಾಗ್ಲಿ, ಫೇಲಾಗ್ಲಿ, ಆಮೇಲೂ ಒಂದೇ ಬೆಂಚಲ್ಲಿ ಕೂತ್ಕೊಳ್ಳೋಣ್ವಾ?”

ಅವಳು ಅರ್ಜಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದಳು.

“ಮೇಷ್ಟ್ರೇ, ಅರ್ಜಿ ಇಲ್ಲ.” ಆಮೇಲೆ ಅವನಿಗೆ, ಮೆಲ್ಲಗೆ: “ಕೂತ್ಕೊಳ್ಳೋಣ. ಸೋಮವಾರ ಅಂಗಡಿಗೆ ಬನ್ನಿ. ಅಡ್ರೆಸ್ ಅಕ್ಷರದಲ್ಲೇ ಬರೆದುಕೊಡ್ತೀನಿ.”

ಸೋಮವಾರ ಮಧ್ಯಾಹ್ನ ಕೊರಿಯರ್ ವ್ಯಾನು ಟೈಲರ್ ಅಂಗಡಿಯ ಮುಂದೆ ಒಂದೂಕಾಲು ಗಂಟೆ ನಿಂತಿತ್ತು. ಅಂದು ಆ ರಸ್ತೆಗೆ ಒಂದು ಪಾರ್ಸೆಲ್ಲೂ ಇರಲಿಲ್ಲ.